ಕೆಂಚರಾಯನ ಕಾಲಲ್ಲಿ ಗುಡುಗ

ಹುಚ್ಚರಂಗಯ್ಯನದು ಮೂಗಿನ ತುದಿಯ ಕೋಪ. ತೆಂಗಿನಕಾಯಿ ಸುಲಿಯುವಾಗ ಯಾರಾದರೂ ಪಕ್ಕದಲ್ಲಿ ಕೂತು ಕೆಲಸಕ್ಕೆ ಬಾರದ ಮಾತಾಡಿದರೆ, ಸುಲಿದ ಮಟ್ಟೆ ಅವರ ಕಾಲ ಬಳಿಯೇ ಬಂದು ಬೀಳುತ್ತಿತ್ತು. ಇಂಥವನ ಜೊತೆ ಹೆಂಗೆ ಬಾಳಿದೆ ಎಂದು ಕೇಳಿದವರಿಗೆ ಹೆಂಡತಿ ಪುಟ್ಟಗಂಗಮ್ಮ, "ಒಂದ್ ಕಿವೀಲ್ ಕೇಳ್ದೆ, ಇನ್ನೊಂದ್ರಲ್ಲಿ ಬುಟ್ಟೆ" ಎನ್ನುತ್ತಿದ್ದಳು.

ಆದರೆ ವರ್ಷಕ್ಕೊಂದು ದಿನ ಊರಿಗೆ ಆ ಕೋಪವೇ ಬೇಕಾಗುತ್ತಿತ್ತು. ತುರುವೇಕೆರೆ ಸೀಮೆಯ ಸಂಪಿಗೆ ಗ್ರಾಮದ ಆಚೆಗಿನ ಆ ಊರಿನಲ್ಲಿ ಅಮ್ಮನ ಹಬ್ಬದ ದಿನ, ಅವಳ ಕಾವಲಿನ ಸೋಮದೇವರು ಕೆಂಚರಾಯನನ್ನು ಹೊರುವವನು ಅವನೇ. ಅವನ ಅಪ್ಪ ಹೊತ್ತಿದ್ದ, ಅಜ್ಜ ಹೊತ್ತಿದ್ದ. ಬಿದಿರಿನ ಚೌಕಟ್ಟು, ಅದರ ಮೇಲೆ ಕೆಂಪು ಬಳಿದ ಮರದ ಮುಖ, ಉರಿಗಣ್ಣು, ಕೋರೆಹಲ್ಲು, ಕೆಳಗೆ ಸುತ್ತಿದ ಸೀರೆಗಳು. ಹೊತ್ತವನಿಗೆ ಹೊರಗಿನ ಲೋಕ ಕಾಣುವುದು ಸೀರೆಯ ನಡುವಿನ ಒಂದು ಸೀಳಿನಿಂದ ಮಾತ್ರ. ತಮಟೆ ಬಿದ್ದರೆ ಆ ಸೋಮ ಭೂಮಿ ಅಳೆಯುವವನಂತೆ ಹೆಜ್ಜೆ ಇಡುತ್ತಿದ್ದ. ಎತ್ತಿದ ಕಾಲು ಗಾಳಿಯಲ್ಲೇ ನಿಂತು, ಯೋಚನೆ ಮಾಡಿ, ಆಮೇಲೆ ಇಳಿಯುತ್ತಿತ್ತು. ಮಲಗಿದ ಮಕ್ಕಳನ್ನು ದಾಟಬಾರದು ಎನ್ನುವ ಊರೇ ಆ ದಿನ ಬೆಚ್ಚಿಬಿದ್ದ ಮಕ್ಕಳನ್ನು ತಂದು ಗುಡಿಯ ಮುಂದೆ ಮಲಗಿಸುತ್ತಿತ್ತು. ಸೋಮ ದಾಟಬೇಕು, ಮಗು ಕಿಟಾರನೆ ಕಿರುಚಬೇಕು, ಒಳಗೆ ಹೊಕ್ಕಿದ್ದ ಭಯ ಆ ಕೂಗಿನ ಜೊತೆಗೇ ಹೊರಗೆ ಬೀಳಬೇಕು. ಹಾಗಂತ ನಂಬಿಕೆ.

ತುರುವೇಕೆರೆಯಲ್ಲಿ ಒಮ್ಮೆ ಈ ಹೆಜ್ಜೆಯನ್ನು ನೋಡಿದ ಟೀವಿಯವರು ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಮಕ್ಕಳಿಗೆಂದು ಅವರು ಮಾಡುತ್ತಿದ್ದ ಧಾರಾವಾಹಿ 'ಏಳನೇ ಗ್ರಹ'. ನಾಲ್ಕು ಮಕ್ಕಳು ಆಕಾಶನೌಕೆ ಹತ್ತಿ ಯಾವುದೋ ಗ್ರಹಕ್ಕೆ ಹೋಗುತ್ತಾರೆ. ಅದರ ಬಾಗಿಲು ಕಾಯುವ ಯಂತ್ರಮನುಷ್ಯನ ಹೆಸರು ಗುಡುಗ. ತಗಡಿನ ಮೈ, ಎದೆಯ ಮೇಲೆ ಬಣ್ಣಬಣ್ಣದ ಬಲ್ಬು. ಆ ತಗಡಿನೊಳಗೆ ಹೊಕ್ಕು ಪಟ್ಟಣದ ನಟರು ಮುಗ್ಗರಿಸಿದರು. ಸೋಮನನ್ನು ಹೊತ್ತ ಹೆಗಲಿಗೆ ಅದೊಂದು ಭಾರವೇ ಅಲ್ಲ. ಗುಡುಗನಿಗೆ ಮಾತಿರಲಿಲ್ಲ. ಬರುವುದು, ದಾರಿಗೆ ಅಡ್ಡ ನಿಲ್ಲುವುದು, ಅಷ್ಟೇ. ಆದರೆ ಧಾರಾವಾಹಿ ಮುಗಿದ ಮೇಲೆ ನೋಡಿದ ಮಕ್ಕಳು ಮತ್ತೆ ಬೇಕು ಅಂದದ್ದು ಆ ನಾಲ್ಕು ಮಕ್ಕಳನ್ನಲ್ಲ, ಗುಡುಗನನ್ನು. ಹಾಗಾಗಿ ಹಳೆಯದರ ಹೊಟ್ಟೆಯಿಂದ ಹೊಸದೊಂದು ಧಾರಾವಾಹಿ ಹುಟ್ಟಿತು: 'ಗುಡುಗನ ದರ್ಬಾರು'. ಇದರಲ್ಲಿ ಅವನೇ ನಾಯಕ. ಕಾವಲು ಬಿಟ್ಟು ಭೂಮಿಗೆ ಬಂದು ಒಂದು ಶಾಲೆ ಸೇರುತ್ತಾನೆ.

ಅದನ್ನು ಮಾಡಿಸುತ್ತಿದ್ದ ವಿಮಲಮ್ಮ ಮೊದಲ ದಿನವೇ ಹೇಳಿದರು. "ಗುಡುಗ ಇನ್ಮೇಲೆ ಹೆದರಿಸಬಾರದು ರಂಗಯ್ಯನವರೇ, ನಗಿಸಬೇಕು. ಗಂಭೀರವಾಗಿ ನಡೀತಾ ಇದ್ದೋರು ಇದ್ದಕ್ಕಿದ್ದಂಗೆ ಎಗರಿ, ಒಂಟಿ ಕಾಲಲ್ಲಿ ಧಡ್ ಅಂತ ಇಳೀರಿ."

"ನಾನೇನ್ ಕೋತಿ ಏನ್ರೀ ಎಗರಾಕೆ? ಅದು ಕೆಂಚರಾಯನ ಹೆಜ್ಜೆ ಕಣ್ರೀ."

"ಇಲ್ಲಿ ಕೆಂಚರಾಯ ಎಲ್ಲಿದಾನೆ? ಇದು ಗುಡುಗನ ಕಾಲಲ್ವಾ?"

ಇದೆಷ್ಟು ಅಸಹ್ಯ ನೋಡಿಕೊಳ್ಳಲಿ ಎಂದು ಅವನು ಸಿಟ್ಟಿನಲ್ಲೇ ಒಮ್ಮೆ ಎಗರಿದ. ಸುತ್ತ ನಿಂತಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಪುಟ್ಟ ಹುಡುಗಿ ಓಡಿ ಬಂದು ಅವನ ತಗಡಿನ ಬೆರಳು ಹಿಡಿದು, "ಇನ್ನೊಂದ್ಸಲ ಗುಡುಗ!" ಎಂದಳು.

ಮಕ್ಕಳಿಲ್ಲದ ಮನುಷ್ಯ. ಊರಿನ ಮಕ್ಕಳು ಅವನನ್ನು ಕಂಡರೆ ತಾಯಂದಿರ ಸೆರಗು ಹುಡುಕುತ್ತಿದ್ದವು. ತಗಡಿನೊಳಗಿದ್ದವನು ಮೆಲ್ಲಗೆ ಬೆರಳು ಬಿಡಿಸಿಕೊಂಡ. ಇನ್ನೊಮ್ಮೆ ಎಗರಿದ.

ಆಮೇಲೆ ಅದು ಚಟವಾಯಿತು. ಊರಿಗೆ ಬಂದರೂ ಕಣದಲ್ಲಿ ಮಟ್ಟೆಯ ರಾಶಿ ಸುತ್ತ ನಡೆದು, ಎಗರಿ, ಧಡ್ ಎಂದು ಇಳಿದು ನೋಡುತ್ತಿದ್ದ. ಊರಿನ ಮಕ್ಕಳು ಬೇಲಿಯಾಚೆಯಿಂದ ಇಣುಕಿ ನಗತೊಡಗಿದವು. ಪುಟ್ಟಗಂಗಮ್ಮ ಒಲೆಯ ಮುಂದಿನಿಂದಲೇ, "ಮಳೆ ಬಿದ್ದ ಮಾರ್ನೇ ದಿನದ ಕರು ನೋಡು" ಎಂದು ನಗುತ್ತಿದ್ದಳು. ಗುಡಿಯ ಪೂಜಾರಿ ಗಂಗಯ್ಯ ಮಾತ್ರ ನಗಲಿಲ್ಲ.

"ಒಂದೇ ಕಾಲ್ನ ಎರಡ್ ಕಡೆ ಒತ್ತೆ ಇಡಬ್ಯಾಡ ಕಣ್ಲಾ ಹುಚ್ಚ."

"ಕಾಲು ನಂದು. ನಿನ್ ಮಂಗಳಾರತಿ ತಟ್ಟೆ ನೀ ನೋಡ್ಕೊ, ಹೋಗು."

ಆ ವರ್ಷ ಹಬ್ಬಕ್ಕೆ ಭಯದ ಮಗು ಒಂದೇ: ಲಕ್ಷ್ಮಕ್ಕನ ಮೊಮ್ಮಗಳು ಭೈರಿ. ಆರು ವರ್ಷದ್ದು. ಮಳೆಗಾಲದಲ್ಲಿ ಆ ಹುಡುಗಿ ಕರುವಿನ ಹಗ್ಗ ಹಿಡಿದು ತೋಟದಲ್ಲಿ ನಿಂತಿದ್ದಾಗ ಮೇಲಿನಿಂದ ಒಂದು ಗೊನೆ ಕಳಚಿ ಧಡ್ ಎಂದು ಬಿತ್ತು. ತೆಂಗಿನಕಾಯಿಗೆ ಕಣ್ಣಿದೆ, ಮನುಷ್ಯರ ಮೇಲೆ ಬೀಳುವುದಿಲ್ಲ ಎನ್ನುತ್ತಾರೆ. ಮಗುವಿನ ಮೇಲೆ ಬೀಳಲಿಲ್ಲ, ಕರುವಿನ ಮೇಲೆ ಬಿತ್ತು. ಕರು ಕಾಲು ಒದರಿ ಸತ್ತಿತು. ಹಗ್ಗ ಇನ್ನೂ ಮಗುವಿನ ಕೈಯಲ್ಲೇ ಇತ್ತು. ಅಂದಿನಿಂದ ಭೈರಿಯ ಬಾಯಲ್ಲಿ ಒಂದು ಮಾತಿಲ್ಲ. ತಿಪಟೂರಿನ ಡಾಕ್ಟರು ಗಂಟಲು ಚೆನ್ನಾಗಿದೆ ಅಂದರು. ಲಕ್ಷ್ಮಕ್ಕ ಬಂದು ಹುಚ್ಚರಂಗಯ್ಯನ ಮುಂದೆ ಕೈಮುಗಿದಳು.

"ಅಣ್ಣಯ್ಯ, ಈ ಸಲ ಚೆನ್ನಾಗಿ ಹೆದರ್ಸಪ್ಪ. ಕೂಸಿನ ಬಾಯಿ ಬುಡ್ಸು."

"ಅದುಕ್ಕೇನಕ್ಕ, ಬುಡ್ಸಾನ ಬುಡು" ಎಂದ ಅವನು, ಒರಟಾಗಿ.

ಹಬ್ಬದ ದಿನ ಸೋಮನನ್ನು ಎತ್ತಿ ಹೆಗಲಿಗೇರಿಸಿದಾಗಲೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೆಂಚರಾಯ ಬೀದಿಗೆ ಇಳಿದರೆ ಮಕ್ಕಳು ಬಾಗಿಲ ಸಂದಿ ಸೇರಬೇಕು. ಈ ಸಲ ಹಿಂಡಾಗಿ ಎದುರಿಗೇ ಬಂದವು.

"ಗುಡುಗ! ಲೇ, ಗುಡುಗ ಬಂದ ಕಣ್ರೋ!"

"ಗುಡುಗ, ಒಂದ್ಸಲ ಎಗರೋ!"

ಗಂಗಯ್ಯ ಬೆತ್ತ ಬೀಸಿ ಓಡಿಸಿದ. ಒಬ್ಬ ಹುಡುಗ ಸೀರೆಯೊಳಗೆ ಕೈ ತೂರಿಸಿ ಬಲ್ಬು ಎಲ್ಲಿದೆ ಎಂದು ತಡಕಾಡಿ ಓಡಿದ. ಹುಚ್ಚರಂಗಯ್ಯ ಕೋಪವನ್ನು ಕರೆದ, ಕೋಪ ಬರಲಿಲ್ಲ. ಹಾಳಾದ್ದು, ಒಳಗೊಳಗೇ ಖುಷಿಯಾಗುತ್ತಿತ್ತು.

ಗುಡಿಯ ಮುಂದೆ ಚಾಪೆಯ ಮೇಲೆ ಭೈರಿಯನ್ನು ಮಲಗಿಸಿದ್ದರು. ಸೀರೆಯ ಸೀಳಿನಲ್ಲಿ ಅವಳ ಮುಖ ಕಂಡಿತು. ಕಣ್ಣು ಮುಚ್ಚಿರಲಿಲ್ಲ. ಅತ್ತಿತ್ತ ಅಲುಗದೆ ಅವನ ಪಾದವನ್ನೇ ನೋಡುತ್ತಿದ್ದಳು. ತಮಟೆ ಏರಿತು. ಅವನು ಕಾಲೆತ್ತಿದ. ಕಾಲು ಗಾಳಿಯಲ್ಲಿ ನಿಲ್ಲಬೇಕಿತ್ತು, ಯೋಚಿಸಬೇಕಿತ್ತು. ಹಿಂದಿನಿಂದ ಮಕ್ಕಳು "ಎಗರೋ!" ಎಂದು ಕೂಗಿದವು. ಅವನು ಎಗರಲಿಲ್ಲ, ಕಾಲು ಎಗರಿತು. ಧಡ್ ಎಂದು ಇಳಿಯಿತು. ಅಡಿಯಲ್ಲಿ ಏನೋ ಸಣ್ಣದು, ಎಳೆಯದು, ಮುರಿಯಿತು.

"ಅಜ್ಜೀ!"

ತಮಟೆ ನಿಂತಿತು. ಜನ ಹೋ ಎಂದಿತು. "ಕೂಸು ಮಾತಾಡ್ತು! ಕೆಂಚರಾಯ ಮಾತು ಕೊಟ್ಟ!" ಲಕ್ಷ್ಮಕ್ಕ ಮಗುವನ್ನು ಎದೆಗವಚಿಕೊಂಡು ಅಳುತ್ತಾ ನಗುತ್ತಾ ಸೋಮನ ಕಾಲಿಗೆ ಬಿದ್ದಳು. ಭೈರಿಯ ಎಡಗೈಯ ಎರಡು ಬೆರಳು ನೇತಾಡುತ್ತಿದ್ದುದನ್ನು ಮೊದಲು ಕಂಡವನು ಸೀರೆಯ ಸೀಳಿನೊಳಗಿದ್ದವನು.

ನಾಟಿ ವೈದ್ಯ ಬಿದಿರಿನ ಸೀಳು ಇಟ್ಟು ಬೆರಳು ಕಟ್ಟಿದ. ದೇವರು ಮುಟ್ಟಿದ ಗುರುತು ಎಂದು ಊರವರು ಆ ಕಟ್ಟಿಗೂ ಕೈಮುಗಿದರು. ಸಂಜೆ ಲಕ್ಷ್ಮಕ್ಕ ಬೆಲ್ಲ, ಕೊಬ್ಬರಿ ಗಿಟುಕು ತಂದು ಕೊಟ್ಟಳು. ಅವನು ಬೆಲ್ಲ ಮುಟ್ಟಲಿಲ್ಲ. ನೇರ ಗಂಗಯ್ಯನ ಹತ್ತಿರ ಹೋದ.

"ಕೆಂಚರಾಯನೂ ಇಲ್ಲ, ಗಿಂಚರಾಯನೂ ಇಲ್ಲ. ತುಳಿದೋನು ನಾನು. ಟೀವಿ ಕುಣಿತ ಕಾಲಿಗ್ ಬಂತು. ನೋವಿಗೆ ಕಿರುಚ್ತು ಕೂಸು."

ಗಂಗಯ್ಯ ಗುಡಿಯ ಬಾಗಿಲು ಎಳೆದುಕೊಂಡು ಮೆಲ್ಲಗೆ ಹೇಳಿದ. "ಬಾಯ್ ಮುಚ್ಕೊಂಡಿರು. ಇದ್ ಗೊತ್ತಾದ್ರೆ ಮುಂದಿನ ವರ್ಷ ಯಾವ ತಾಯಿ ಕೂಸು ತಂದು ಮಲಗುಸ್ತಾಳ್ಲಾ? ಮಾತು ಬಂತೋ ಇಲ್ವೋ?"

"ಬಂತು."

"ಮತ್ತಿನ್ನೇನು. ಹೋಗ್ ಉಣ್ಣೋಗು."

ಹೊಸ ಧಾರಾವಾಹಿ ಶುರುವಾದ ಭಾನುವಾರ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆಲ್ಲ ಟೀವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. "ಬಾರಪ್ಪ ಗುಡುಗ್ ಮಾರಾಯ, ಕುರ್ಚಿ ಮೇಲ್ ಕೂತ್ಕೊ" ಎಂದು ಅವರು ಗೇಲಿ ಮಾಡಿ ಕರೆದರು. ಹುಚ್ಚರಂಗಯ್ಯ ಕಂಬಕ್ಕೊರಗಿ ನಿಂತೇ ಇದ್ದ. ಗುಡುಗ ಬಂದ, ಗಂಭೀರವಾಗಿ ನಡೆದ, ಎಗರಿದ. ಧಡ್! ಜಗಲಿಯೆಲ್ಲ ನಗು. ಲಕ್ಷ್ಮಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳ ತೊಡೆಯ ಮೇಲಿದ್ದ ಭೈರಿ ಕಟ್ಟು ಹಾಕಿದ ಕೈಯನ್ನು ಸರಕ್ಕನೆ ಅಜ್ಜಿಯ ಸೆರಗಿನೊಳಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಧಡ್. ಹೊರಗೆ ಬಂದಿದ್ದ ಕೈ ಮತ್ತೆ ಒಳಗೆ. ಅದನ್ನು ನೋಡಿದವನು ಅವನೊಬ್ಬನೇ. ಭಯ ಹೊರಗೆ ಬಿದ್ದಿರಲಿಲ್ಲ. ಗಂಟಲಿನಿಂದ ಇಳಿದು ಕೈಗೆ ಬಂದು ಕೂತಿತ್ತು, ಅಷ್ಟೇ.

ಮಾರನೆಯ ದಿನ ಟೀವಿಯವರ ಜೀಪು ಬಂತು. ಉಳಿದ ಭಾಗಗಳಿಗೆ ಕರೆಯಲು ಬಂದಿದ್ದ ಕನ್ನಡಕದ ಯುವಕನಿಗೆ ಹುಚ್ಚರಂಗಯ್ಯ, "ಬರಾಕಿಲ್ಲ" ಎಂದ.

"ಯಾಕ್ರೀ? ಎಲ್ಲಾರೂ ನಿಮ್ಮನ್ನೇ ಕೇಳ್ತಾರೆ."

"ಅದುಕ್ಕೇ ಬರಾಕಿಲ್ಲ. ಬೇರೆ ಕಾಲು ನೋಡ್ಕಳಿ."

"ನೋಡ್ಕೊತೀವಿ ಬಿಡಿ. ಆದ್ರೆ ನೀವು ಮಾಡಿರೋದು ಇನ್ನೂ ಸುಮಾರು ವಾರ ಬರುತ್ತೆ, ಅದನ್ನೇನೂ ತೆಗೆಯೋಕಾಗಲ್ಲ."

ಹುಚ್ಚರಂಗಯ್ಯ ಜೀಪಿನ ದೂಳು ಅಡಗುವವರೆಗೆ ನಿಂತಿದ್ದು, ಲಕ್ಷ್ಮಕ್ಕನ ಮನೆಯ ಕಡೆ ಹೊರಟ. ಬಾಯಿ ಮುಚ್ಚಿಕೊಂಡಿರು ಅಂದಿದ್ದು ಗಂಗಯ್ಯ. ಮುಚ್ಚಿದ ಬಾಯಿ ಎಂಥದೆಂದು ಭೈರಿಗೆ ಗೊತ್ತು, ಗಂಗಯ್ಯನಿಗೇನು ಗೊತ್ತು?

ಭೈರಿ ಅಂಗಳದಲ್ಲಿ ಒಂಟಿ ಕೈಯಲ್ಲಿ ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದಳು. ಅಜ್ಜಿ ಒಳಗಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಭೈರವ್ವ, ನಿನ್ ಕೈ ತುಳಿದೋನು ಕೆಂಚರಾಯ ಅಲ್ಲ ಕಣವ್ವ. ನಾನು."

ಮಗು ಅವನ ಮುಖ ನೋಡಲಿಲ್ಲ. ಪಾದ ನೋಡಿತು.

"ಗೊತ್ತು."

"ಹೆಂಗ್ ಗೊತ್ತು?"

"ಹಿಮ್ಮಡಿ ಒಡ್ದಿತ್ತು. ದೇವ್ರಿಗ್ ಒಡ್ದಿರಲ್ಲ."

"ಮತ್ತೆ ಅಜ್ಜಿಗ್ಯಾಕ್ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅವನು ಅಂಗಳದ ಮಣ್ಣು ಕೆರೆದ. ಭೈರಿ ಇನ್ನೊಂದು ಕಡ್ಡಿ ಸೀಳಿದಳು.

"ಇನ್ನೂ ಎಗರ್ತೀಯಾ?"

"ಇಲ್ಲ ಕಣವ್ವ. ಬುಟ್ಬುಟ್ಟೆ. ಜೀಪು ವಾಪಸ್ ಕಳುಸ್ದೆ."

"ಟೀವೀಲಿ?"

"ಅದ್ರಲ್ಲಿ ಎಗರ್ತೈತೆ."

"ಅದು ಯಾರ್ ಕಾಲು?"

ಸುಳ್ಳು ಹೇಳಬಹುದಿತ್ತು. ಒಳಗೆ ಯಂತ್ರ ಇದೆ, ತಗಡು ಇದೆ, ಯಾರದೂ ಅಲ್ಲ ಎನ್ನಬಹುದಿತ್ತು. "ನಂದೇ" ಎಂದ.

ಬಾಗಿಲಲ್ಲಿ ಲಕ್ಷ್ಮಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕಣ್ಣು ಕೆಂಪಾಗಿತ್ತು. "ನಮ್ ತಾವ ಬಂದು ಇದ್ನ ಯಾಕ್ ಹೇಳ್ತೀಯಪ್ಪ?" ಎಂದಳು. "ದೇವ್ರು ಮುಟ್ಟವ್ನೆ ಅನ್ಕಂಡು ಮಲಿಕ್ಕತ್ತಿದ್ದೆ. ಇನ್ನ ಏನ್ ಅನ್ಕಂಡು ಮಲಿಕ್ಕಳ್ಳಿ?" ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಕರೆಯಲೂ ಇಲ್ಲ.

ಮುಂದಿನ ಭಾನುವಾರ ಜಗಲಿಯಲ್ಲಿ ಅವನು ಕಂಬದ ಬಳಿ ನಿಲ್ಲಲಿಲ್ಲ. ಮಕ್ಕಳ ನಡುವೆ ದಾರಿ ಮಾಡಿಕೊಂಡು ಹೋಗಿ ಭೈರಿಯ ಪಕ್ಕದಲ್ಲಿ ನೆಲಕ್ಕೆ ಕೂತ. ಲಕ್ಷ್ಮಕ್ಕ ಮುಖ ಆಚೆ ತಿರುಗಿಸಿದಳು, ಏಳು ಎನ್ನಲಿಲ್ಲ. ಅವನು ಪಂಚೆ ಮೊಣಕಾಲಿಗೆ ಸರಿಸಿ, ಎರಡೂ ಕಾಲನ್ನು ಮಗುವಿನ ಕಣ್ಣೆದುರಿಗೆ ಉದ್ದಕ್ಕೆ ಚಾಚಿದ.

"ಏನಯ್ಯ ಗುಡುಗಪ್ಪ, ಟೀವಿಗೇ ಕಾಲು ಚಾಚ್ತೀಯಲ್ಲ" ಎಂದರು ಸದಾಶಿವಯ್ಯ. ಅವನು ಭೈರಿಯ ಕಡೆ ತಿರುಗಿದ.

"ಅದ್ನ ನೋಡಬ್ಯಾಡ ಕಣವ್ವ" ಎಂದ ಭೈರಿಗೆ, ಮೆಲ್ಲಗೆ. "ಇದ್ನ ನೋಡು. ಅಲುಗಲ್ಲ."

ಟೀವಿಯಲ್ಲಿ ಗುಡುಗ ನಡೆಯತೊಡಗಿದ. ಮಕ್ಕಳು ಉಸಿರು ಬಿಗಿ ಹಿಡಿದವು. ಭೈರಿ ಅವನ ಪಾದವನ್ನೇ ನೋಡುತ್ತಿದ್ದಳು, ಅಂದು ಚಾಪೆಯ ಮೇಲೆ ಮಲಗಿ ನೋಡಿದ ಹಾಗೆಯೇ. ಕಟ್ಟು ಹಾಕಿದ ಕೈ ಇನ್ನೂ ತೊಡೆಯ ಮೇಲೇ ಇತ್ತು. ವಾದ್ಯ ಏರಿತು. ಗುಡುಗ ಕಾಲೆತ್ತಿದ.

ಹುಚ್ಚರಂಗಯ್ಯನ ಬಲಗಾಲಿನ ಹೆಬ್ಬೆರಳು ತಾನಾಗಿಯೇ ಮಿಡಿಯಿತು.

ಭೈರಿ ಕಂಡಳು. ಅವಳ ಕೈ ಸೆರಗಿನ ಕಡೆ ಸರಿಯುವುದರೊಳಗೆ ಅವನು ಮುಂದಕ್ಕೆ ಬಾಗಿ, ಎರಡೂ ಕೈಯಿಂದ ತನ್ನ ಪಾದವನ್ನು ನೆಲಕ್ಕೆ ಅದುಮಿ ಹಿಡಿದ. ಧಡ್ ಎಂದಿತು ಟೀವಿ. ಜಗಲಿಯೆಲ್ಲ ನಕ್ಕಿತು. ಅವನು ಬಿಡಲಿಲ್ಲ.