ಅವ್ವನ ದವಡೆಯ ತುಂಡು

"ಏ ರಾಜೀ, ಹಂದರದಾಗ ಯಾಕ ನಿಂತೀಯೇ ಲೌಡಿ? ದೊಡ್ಡ ಮಂದಿ ಕುಂದ್ರೂ ಜಾಗಾ ಅದು. ಆಚಿಕಡಿ ಸರಿ!"

ಗೌಡರ ಮನೆಯ ಕಾರಭಾರಿ ಗುರುನಾಥನ ಬಾಯಿ ಅದು. ಕಸ ಹೊಡೆಯುವವರೆಗೆ ನಾನು ಒಳಗೆ ಬೇಕಿತ್ತು. ಜಮಖಾನೆ ಹಾಸಿದ ಮೇಲೆ ನನ್ನ ಕಾಲು ಅದಕ್ಕೆ ತಾಗಬಾರದು. "ಸರೀತೇನ್ರಿ" ಅಂದು ಕೊನೆಯ ಗೂಟಕ್ಕೆ ಆತು ನಿಂತೆ. ಹೋಗಲಿಲ್ಲ. ಆವತ್ತು ಹೋಗುವವಳೇ ಅಲ್ಲ ನಾನು.

ಗೌಡರ ಮಗ ಚೇತನಕುಮಾರ ಕ್ಯಾನ್ಸರ್ ಸಂಶೋಧನೆಗೆ ದೊಡ್ಡ ಪ್ರಶಸ್ತಿ ಗೆದ್ದಿದ್ದ. ಹೂವಿನ ಹಿಪ್ಪರಗಿಯಲ್ಲಿ ಅವನಿಗೆ ಸನ್ಮಾನ. ಮುದ್ದೇಬಿಹಾಳ, ಸಿಂದಗಿಯಿಂದೆಲ್ಲ ಕಾರು ಬಂದಿದ್ದವು. ಅವನ ತಾಯಿ, ಗೌಡಸಾನಿ ಸುಮಿತ್ರಾಬಾಯಿ, ಇಳಕಲ್ಲ ಸೀರೆ ಉಟ್ಟು ಮಗನ ಪಕ್ಕ ಬೀಗುತ್ತ ಕೂತಿದ್ದಳು. ನನ್ನ ಅವ್ವನ ಹುಣ್ಣಿನ ತುಂಡಿನಿಂದಲೇ ಅವನಿಗೆ ಈ ದೊಡ್ಡಸ್ತಿಕೆ ಬಂತೆಂದು ತಮ್ಮ ಕಾಂತು ಪೇಪರಿನಲ್ಲಿ ಓದಿ ಹೇಳಿದ್ದ. "ಅದರಾಗ ಅವ್ವನ ಹೆಸರ ಇಲ್ಲಬೇ ಅಕ್ಕಾ. ಬರೇ ಒಬ್ಬ ಹಳ್ಳಿ ಹೆಂಗಸಿನ ದವಡಿ ಹುಣ್ಣು ಅಂತ ಬರದಾರ." ನನಗೆ ಬೇಕಾದದ್ದು ಒಂದೇ. ಆ ತುಂಡಿಗೆ ಸಾತವ್ವ ಅನ್ನುವ ಹೆಸರು ಇಡಬೇಕು.

ಅವ್ವ ಗೌಡರ ಕೊಟ್ಟಿಗೆಯ ಸಗಣಿ ಬಳಿದೇ ಸವೆದವಳು. ಹಸಿವು ಮರೆಯಲು ದವಡೆಗೆ ತಂಬಾಕು ಒತ್ತುತ್ತಿದ್ದಳು, ಅಲ್ಲೇ ಹುಣ್ಣಾಯಿತು. ಚಹಾ ಕುಡಿಯಲು ಅವಳಿಗೊಂದು ತೆಂಗಿನ ಚಿಪ್ಪು. ಗೌಡಸಾನಿ ಮೇಲಿನಿಂದ ಸುರಿಯುತ್ತಿದ್ದಳು. ಹುಣ್ಣು ನಾರತೊಡಗಿದ ಮೇಲೆ ಅದೂ ನಿಂತಿತು. ಆಗಿನ್ನೂ ಓದುತ್ತಿದ್ದ ಚೇತನಕುಮಾರ ರಜೆಗೆ ಬಂದವನು, ಕಾರಿನ ಸೀಟಿಗೆ ಗೊಬ್ಬರದ ಚೀಲ ಹಾಸಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದ. ಧಣಿ ದೇವರಂಥವ ಅಂತ ಕೇರಿಗೆ ಕೇರಿಯೇ ಕೈ ಮುಗಿಯಿತು. ಹುಣ್ಣಿನ ಒಂದು ತುಂಡು ಕೊಯ್ಯಿಸಿಕೊಂಡು, ಸಂಜೆಗೆ ತಂದು ಬಿಟ್ಟ.

"ಔಷಧ ಕಳಸ್ತೇನಿ, ಹೆದರಬ್ಯಾಡ" ಅಂದಿದ್ದ. ಬಸ್ಸು ಬಂದಾಗಲೆಲ್ಲ ಅವ್ವ ಕತ್ತು ಉದ್ದ ಮಾಡಿ ನೋಡಿದಳು. ಎಲ್ಲಿಯ ಔಷಧ? ಗಂಜಿಯೂ ಇಳಿಯದೆ ಸತ್ತಳು. ಹಳ್ಳದ ದಂಡೆಗೆ ಮಣ್ಣು ಮಾಡಿದೆವು.

ಚೇತನಕುಮಾರ ಮೈಕು ಹಿಡಿದ. "ಬಾಯಿ ಕ್ಯಾನ್ಸರಿನ ಜೀವಕೋಶ ಪ್ರಯೋಗಶಾಲೆಯೊಳಗ ಬಾಳ ದಿನ ಬದುಕ್ತಿರಲಿಲ್ಲ. ನಾ ತಂದ ತುಂಡು ಸಾಯಲೇ ಇಲ್ಲ. ಒಂದು ಎರಡಾತು, ಎರಡು ನಾಕಾತು, ಇವತ್ತಿಗೂ ಬೆಳ್ಯಾಕತ್ತೈತಿ. ಯಾವ ಜೀನ್ ಕೆಟ್ಟರ ಕೋಶ ಹಿಂಗ ಹುಚ್ಚು ಹಿಡದಂಗ ಬೆಳೀತೈತಿ ಅನ್ನೂದನ್ನ ನಾ ಇದರಾಗ ಕಂಡುಹಿಡದೆ. ಈಗ ದೇಶ ದೇಶದ ವಿಜ್ಞಾನಿಗಳು ಇದನ್ನ ಬೆಳಸ್ತಾರ, ಕಾಲೇಜಿನ ಹುಡುಗರು ಪಾಠದಾಗ ಓದ್ತಾರ. ಇಂಥಾದ್ದಕ್ಕ ನಾ ಹಡದವ್ವನ ಹೆಸರ ಇಟ್ಟೇನಿ. ಸುಮಿತ್ರಾ!"

ಚಪ್ಪಾಳೆಯೋ ಚಪ್ಪಾಳೆ. ಗೌಡಸಾನಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹುಣ್ಣು ನಮ್ಮವ್ವನದು, ಹೆಸರು ಇವಳದು. ಥೂ! ನನ್ನ ಮೈಯೆಲ್ಲ ಉರಿದುಹೋಯಿತು. ಜಮಖಾನೆ ತುಳಿದುಕೊಂಡೇ ನಡುವೆ ಹೋಗಿ ನಿಂತೆ.

"ಸಾಹೇಬ್ರ, ಆ ತುಂಡು ಯಾರದ್ರಿ?"

"ಒಬ್ಬ ಹೆಣ್ಮಗಳದು. ರೋಗಿ ಹೆಸರ ಹೇಳಬಾರದಂತ ಕಾಯಿದೆ ಐತಿ."

"ನಿಮ್ಮ ಕಾಯಿದೆ ಸುಡ್ಲಿ. ಹೆಸರ ನಿಮಗ ಗೊತ್ತೈತೋ ಇಲ್ಲೋ, ಅಷ್ಟ ಹೇಳ್ರಿ."

ಅವನು ಗುರುನಾಥನ ಮುಖ ನೋಡಿದ. ಗೊತ್ತಿರಲಿಲ್ಲ ಭಾಡ್ಯಾನಿಗೆ.

"ಸಾತವ್ವ! ನಿಮ್ಮ ಕೊಟಗಿ ಬಳದ ಸಾತವ್ವ, ನಮ್ಮವ್ವ. ಅಕೀ ದವಡಿ ಹುಣ್ಣದು. ಅದಕ್ಕ ಅಕೀ ಹೆಸರ ಇಡ್ರಿ."

ಗುರುನಾಥ ನನ್ನ ಕಡೆ ನುಗ್ಗಿದ. ಅಷ್ಟರಲ್ಲಿ ಗೌಡಸಾನಿಯೇ ಎದ್ದಳು.

"ಯಾವ ಸಾತಿ? ಕೊಟಗಿ ಸಾತಿ? ಏ ಚೇತನಾ, ಆ ನಾರೂ ಹುಣ್ಣಿಗೆ ನನ್ನ ಹೆಸರ ಇಟ್ಟೀಯೇನೋ?"

"ಅವ್ವಾ, ವಿಜ್ಞಾನದಾಗ ಅದೆಲ್ಲಾ ಇರೂದಿಲ್ಲ..."

"ನಿನ್ನ ವಿಜ್ಞಾನಕ್ಕ ಬೆಂಕಿ ಹತ್ಲಿ! ಹಡದ ತಾಯೀನ್ನ ಒಯ್ದು ಆ ಕೇರಿಯಾಕಿ ಬಾಯಾಗ ಇಟ್ಟಿಯಲ್ಲೋ! ತಗಿ ನನ್ನ ಹೆಸರ. ಅಕೀದು ಅಕೀಗೇ ಕೊಟ್ಟು ಬಿಡು, ಪೀಡಾ ಹೋಗ್ಲಿ!"

ಚೇತನಕುಮಾರ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ. ಅಷ್ಟು ಮೆತ್ತಗೆ ಅವನು ನಮ್ಮ ಕೇರಿಯವರ ಜೊತೆ ಎಂದೂ ಮಾತಾಡಿದ್ದಿಲ್ಲ. "ಆತವ್ವಾ, ಸಾತವ್ವ ಅಂತನ ಇಡೂಣು. ಒಮ್ಮೆ ಇಟ್ಟ ಹೆಸರ ಸುಮ್ಮನ ತಗ್ಯಾಕ ಬರೂದಿಲ್ಲ, ತುಂಡು ಯಾರದೋ ಅವರ ಹೆಸರಿಗಷ್ಟ ಬದಲಿ ಮಾಡಬೌದು. ಸತ್ತಾಕಿ ಹೆಸರ ಬಳಸಾಕ ಮಕ್ಕಳ ಒಪ್ಪಿಗಿ ಬೇಕು. ನೀ ಒಂದು ಸೈ ಹಾಕು, ಸಾಕು."

ಕೇಳಬಂದದ್ದು ಸಿಕ್ಕಿತ್ತು, ನಾಯಿಗೆ ರೊಟ್ಟಿ ಎಸೆದ ಹಾಗೆ. ಅವ್ವನ ತೆಂಗಿನ ಚಿಪ್ಪು ನೆನಪಾಯಿತು. ಗೌಡಸಾನಿ ಸೀರೆ ಕೊಡವುತ್ತ ನಿಂತಿದ್ದಳು, ಮೈಮೇಲೆ ಏನೋ ಹರಿದಾಡುತ್ತಿರುವವಳ ಹಾಗೆ. ಆಗ ನನಗೆ ನಗು ಬಂತು.

"ಹಾಕೂದಿಲ್ಲರಿ."

"ಏನಂದಿ?"

"ಸೈ ಹಾಕೂದಿಲ್ಲ. ಗೌಡಸಾನ್ಯಾರ, ನಿಮ್ಮ ಹೆಸರ ಇರ್ಲಿ ಬಿಡ್ರಿ. ನಮ್ಮವ್ವನ ಹುಣ್ಣು ಸಾಯೂದಿಲ್ಲಂತ. ನೀವು ಸತ್ತರೂ ಬೆಳೀತೈತಂತ, ನಾ ಸತ್ತರೂ ಬೆಳೀತೈತಂತ. ದೇಶ ದೇಶದಾಗ ಸುಮಿತ್ರಾ ಸುಮಿತ್ರಾ ಅನಿಸ್ಕೊಂತ ಬೆಳೀಲಿ."

"ನೀರ ಕಾಸ್ರೇ, ತಲಿ ಮ್ಯಾಲ ನೀರ ಹಾಕ್ಕೋಬೇಕು ನಾ!" ಎಂದು ಚೀರುತ್ತ ಗೌಡಸಾನಿ ಮನೆಯ ಕಡೆ ಓಡಿದಳು. ಗುರುನಾಥನ ಮೊದಲ ಏಟು ಬಾಯಿಗೇ ಬಿತ್ತು. "ಹಾಕ್ತಿಯೋ ಇಲ್ಲೋ?" ಅಂದ. ರಕ್ತ ಉಗುಳಿ, "ಇಲ್ಲ" ಅಂದೆ.