ಆರ್ಚಿಯ ಬೆಂಕಿ

ಸಿಡ್ನಿಯ ಆಳ್ವಿಕೆಯಿಂದ ನಾಡಿಗೆ ಬಿಡುಗಡೆ ಸಿಕ್ಕಿತೆಂಬ ಸುದ್ದಿ ಹೊತ್ತ ಹಡಗು ಬಂದಾಗ ಗ್ರಿಜೆಲ್ ಅಂಗಳದಲ್ಲಿ ಮೀನು ಸೀಳುತ್ತಿದ್ದಳು. ಕೈ ತೊಳೆಯುವುದನ್ನೂ ಮರೆತು ದಡಕ್ಕೆ ಓಡಿದಳು.

ಸಿಡ್ನಿಯಿಂದ ಬಲುದೂರ ದಕ್ಷಿಣದ ಆ ಕೊಲ್ಲಿಯ ಸುತ್ತಲಿನ ಜನಕ್ಕೆ ಅದು ಸಣ್ಣ ಸುದ್ದಿಯೇನಲ್ಲ. ತೆರಿಗೆ ಇವರದು, ಸೇತುವೆ ಸಿಡ್ನಿಗೆ; ಇವರ ಪಾಲಿಗೆ ಬರೀ ಕೆಸರು. ವರ್ಷಗಟ್ಟಲೆ ಅರ್ಜಿ ಹಾಕಿ ಸಾಕಾಗಿ, ಒಮ್ಮೆ ಸಿಡ್ನಿಯ ಸಭೆಗೆ ತಮ್ಮ ಪ್ರತಿನಿಧಿಯೆಂದು, ದೂರದ ಲಂಡನ್ನಿನಲ್ಲಿ ಕೂತಿದ್ದ ಮಂತ್ರಿಯನ್ನೇ ಪ್ರತಿಭಟನೆಗಾಗಿ ಆರಿಸಿದ್ದ ಹಟಮಾರಿಗಳು ಇವರು. ಈಗ ತಮ್ಮದೇ ವಸಾಹತು, ತಮ್ಮದೇ ಸಭೆ, ರಾಣಿಯ ಹೆಸರೇ ನಾಡಿಗೆ.

ಗ್ರಿಜೆಲಳ ಗಂಡ ಆರ್ಚಿಗಂತೂ ಇದೇ ಹುಚ್ಚು. ದಕ್ಷಿಣಕ್ಕೆ, ಕೊಲ್ಲಿಯ ಬಾಯಿಯ ಹತ್ತಿರದ ಭಟ್ಟಿಗಳಿಂದ ಸುಟ್ಟ ಸುಣ್ಣ ತರುವ ದೋಣಿ ಅವನದು. ಆ ಕಸುಬಿನವರಿಗೆ ಬಿರುಗಾಳಿಗಿಂತ ಸೋರಿಕೆಯ ಭಯ ಹೆಚ್ಚು. ನೀರು ತಾಗಿದರೆ ಸುಣ್ಣ ಕುದಿಯುತ್ತದೆ, ದೋಣಿಯೇ ಹೊತ್ತಿಕೊಳ್ಳುತ್ತದೆ. ಹಿಂದಿನ ದಿನ ಹೊರಡುವಾಗಲೂ ಅವನು ನಗುತ್ತಲೇ ಹೇಳಿದ್ದ: "ಸುದ್ದಿ ಬಂದ ದಿನ ಎಲ್ಲೇ ಇರ್ಲಿ, ಬೆಂಕಿ ಹಚ್ತೀನಿ ಕಣೇ. ನೀನು ಇಲ್ಲಿಂದ್ಲೇ ನೋಡು."

ಸಂಜೆಗೆ ಗುಡ್ಡಗುಡ್ಡದಲ್ಲೂ ಬೆಂಕಿ ಎದ್ದಿತು. ಹೆಂಡದ ಪೀಪಾಯಿಗಳ ಬಾಯಿ ತೆರೆಯಿತು. ಅಷ್ಟರಲ್ಲಿ ದೂರದಲ್ಲಿ, ಕೊಲ್ಲಿಯ ದಕ್ಷಿಣಕ್ಕೆ, ಒಂದು ಕೆಂಪು ಬೆಳಕು ಕಂಡಿತು.

"ನೋಡ್ರೋ, ನಮ್ಮ ಆರ್ಚಿದು," ಎಂದು ಗ್ರಿಜೆಲ್ ಲಾಟೀನು ಎತ್ತಿ ಬೀಸಿದಳು. ಜನ ಹೋ ಎಂದರು.

ಪಕ್ಕದ ಮನೆಯ ಮುದುಕ ಜೇಬಜ್ ಮಾತ್ರ ಕಣ್ಣು ಕಿರಿದು ಮಾಡಿ ನಿಂತ. ಅವನೂ ಒಂದು ಕಾಲದಲ್ಲಿ ಸುಣ್ಣ ಸಾಗಿಸಿದವನೇ.

"ಅದು ನೀರಿನ ಮೇಲಿರೋ ಹಾಗಿದೆಯಲ್ಲ ತಂಗಿ. ದೋಣಿ ಇಳಿಸ್ಲಾ?"

"ಕುಡಿದಿದ್ದು ಜಾಸ್ತಿಯಾಯ್ತಣ್ಣ ನಿನಗೆ. ಮರಳುದಂಡೆ ಅದು. ಮಾತು ಕೊಟ್ಟಿದ್ದ, ಹಚ್ಚಿದ್ದಾನೆ. ಸುಮ್ನೆ ಕೂತು ಕುಡಿ."

ಜೇಬಜ್ ಕೂತ. ಬೆಳಕು ಸ್ವಲ್ಪ ಹೊತ್ತು ಉರಿದು ಕಂತಿತು. ಕಟ್ಟಿಗೆ ಸಾಲಲಿಲ್ಲವೇನೋ ಎಂದು ಗ್ರಿಜೆಲ್ ನಕ್ಕಳು.

ಮಲಗಲು ಹೋದವಳು ಒಮ್ಮೆಲೇ ಎದ್ದು ಕೂತಳು. ಸುದ್ದಿ ಬಂದದ್ದು ಇವತ್ತು. ಹಡಗು ದಾರಿಯಲ್ಲೆಲ್ಲೂ ನಿಲ್ಲದೆ ನೇರ ಇಲ್ಲಿಗೇ ಬಂದದ್ದು; ಆ ಕಡೆಗೆ ಇಲ್ಲಿಂದ ಒಂದು ದೋಣಿಯೂ ಹೋಗಿಲ್ಲ. ಆರ್ಚಿಗೆ ಹೇಳಿದವರು ಯಾರು?

ಜೇಬಜನ ಬಾಗಿಲು ಬಡಿದಳು. ಹುಟ್ಟು ಹಾಕಿ ಹಾಕಿ ಅವರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು. ನೀರು ಹಾಲಿನಂತೆ ಬೆಳ್ಳಗಿತ್ತು. ಕರಕಲಾದ ಹಲಗೆಗಳ ನಡುವೆ ಒಂದು ಪೀಪಾಯಿ, ಅದಕ್ಕೆ ತನ್ನನ್ನು ಹಗ್ಗದಿಂದ ಕಟ್ಟಿಕೊಂಡ ಆರ್ಚಿ. ಜೀವ ಹೋಗಿತ್ತು, ಮೈ ಮಾತ್ರ ಇನ್ನೂ ಸೆಟೆದಿರಲಿಲ್ಲ. ಬಹಳ ಹೊತ್ತು ತೇಲಿದ್ದಾನೆ, ಪಾಪ. ದಡದ ಬೆಂಕಿಗಳನ್ನೆಲ್ಲ ನೋಡುತ್ತ, ಯಾರಾದರೂ ಬಂದೇ ಬರುತ್ತಾರೆಂದು ಕಾದಿದ್ದಾನೆ. ತನ್ನ ಲಾಟೀನೂ ಅವನಿಗೆ ಕಂಡಿರಬೇಕು ಎಂಬ ಯೋಚನೆಯೇ ಗ್ರಿಜೆಲಳನ್ನು ಕೊಂದುಹಾಕಿತು.

ಮರುವರ್ಷ ಜುಲೈಯಲ್ಲಿ ಸಿಡ್ನಿಯಿಂದ ಬೇರ್ಪಡಿಕೆ ಜಾರಿಗೆ ಬಂತು. ಮತ್ತೆ ಬಾವುಟ, ಮತ್ತೆ ಬೆಂಕಿ. ಜೇಬಜ್ ಗುಡ್ಡಕ್ಕೆ ಹೋಗದೆ ಅವಳ ಹೊಸ್ತಿಲಲ್ಲಿ ಬಂದು ಕೂತ. ಕೊಲ್ಲಿ ಕತ್ತಲಾಗಿತ್ತು. ಗ್ರಿಜೆಲ್ ಬಹಳ ಹೊತ್ತು ದಕ್ಷಿಣಕ್ಕೇ ನೋಡಿದಳು.

"ಅಣ್ಣಾ, ಆವತ್ತು ಕೇಳಿದೆಯಲ್ಲ. ಇನ್ನೊಂದ್ಸಲ ಕೇಳು."

ಮುದುಕನಿಗೆ ಅರ್ಥವಾಯಿತು.

"ದೋಣಿ ಇಳಿಸ್ಲಾ ತಂಗಿ?"

"ಇಳಿಸಣ್ಣಾ," ಎಂದಳು ಗ್ರಿಜೆಲ್. "ಬೇಗ ಇಳಿಸು."