ಉಗ್ಗುವ ಸೊಸೆಯ ಸಿನಿಮಾ

ಶಿಮ್ಕೆಂಟ್ ನಗರದ ಚಿತ್ರಮಂದಿರದಲ್ಲಿ ಹೊಸ ಹಾಸ್ಯಚಿತ್ರ ನೋಡಿಬಂದ ಮನೆಮಂದಿಯೆಲ್ಲ ಚಹಾಕ್ಕೆ ಕುಳಿತಿದ್ದರು. ಚಿತ್ರದಲ್ಲಿ ಒಬ್ಬ ಸೊಸೆ ಉಗ್ಗುತ್ತಿದ್ದಳು. ಮನೆಯ ಕಿರಿಮಗ ದಾವ್ರೆನ್ ಅವಳನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಅವನ ಅತ್ತಿಗೆ ರೌಶನ್‌ಗೂ ಚಿಕ್ಕಂದಿನಿಂದ ಉಗ್ಗು ಇದೆ. ಮದುವೆಯಾಗಿ ಬಂದಮೇಲೆ ಅವಳು ನಾಲ್ಕು ಜನರೆದುರು ಬಾಯಿ ಬಿಟ್ಟದ್ದೇ ಕಡಿಮೆ.

"ನಿಮಗೆ ಹೇಗನ್ನಿಸ್ತು, ಅತ್ತಿಗೆ?" ಎಂದು ದಾವ್ರೆನ್ ಕೇಳಿದ.

ರೌಶನ್ ಚಹಾದ ಪಾತ್ರೆ ಕೆಳಗಿಟ್ಟಳು. "ಮೇ... ಮೇಕೆ ಮದುವೆ ಕಾರೊಳಗೆ ನುಗ್ಗಿದಾಗ ನಂಗೂ ನಗು ಬಂತು. ಆಮೇಲೆ ಸಿ... ಸಿ..."

"ಸಿನಿಮಾ ಸೂಪರ್ ಅಂತೀರಾ?"

"ಅಲ್ಲ," ಎಂದು ಅವಳು ಮೊದಲಿನಿಂದ ಶುರುಮಾಡಿದಳು. ಅವನು ಮತ್ತೆ ನಡುವೆ ಬಾಯಿ ಹಾಕಿದ. ಅವಳು ಮತ್ತೆ ಮೇಕೆಯಿಂದಲೇ ಆರಂಭಿಸಿದಳು.

"ಸುಮ್ನಿರೋ, ಅವಳು ಮುಗಿಸ್ಲಿ," ಎಂದರು ಅತ್ತೆ ಕಲಾಮ್ಕಾಸ್.

"ಆಮೇಲೆ ಸಿ... ಸಿನಿಮಾದವರ ಹತ್ರ ತಮಾಷೆ ಮುಗಿದೋಯ್ತು. ಆ ಹುಡುಗಿ ತಡವರಿಸೋದೊಂದೇ ಉಳೀತು. ಅವಳು ಏನು ಹೇಳೋಕೆ ಹೊರಟಿದ್ಲು ಅಂತ ಒಬ್ರೂ ಕೇ... ಕೇಳಲಿಲ್ಲ."

ಯಾರೂ ನಗಲಿಲ್ಲ. ದಾವ್ರೆನ್ ತಲೆ ತಗ್ಗಿಸಿ ಕುಳಿತ. "ಅವಳು ಏನು ಹೇಳೋಕೆ ಹೊರಟಿದ್ಲು ಅಂತ ನಿಮಗನ್ಸುತ್ತೆ, ಅತ್ತಿಗೆ?" ಎಂದು ಮೆಲ್ಲಗೆ ಕೇಳಿದ.

ರೌಶನ್ ಅದನ್ನೂ ಅವಸರವಿಲ್ಲದೆ, ಕೊನೆಯವರೆಗೂ ಹೇಳಿದಳು.